ಅಳಿವೆ ಬಾಗಿಲಿನ ಮಂಗಳೂರು

ಪಶ್ಚಿಮ ಘಟ್ಟದಿಂದ ಇಳಿದುಬರುವ ನೇತ್ರಾವತಿಯೂ ಫಲ್ಗುಣಿ ಎಂದೂ ಕರೆಯಲಾಗುವ ಗುರುಪುರ ಹೊಳೆಯೂ ಒಂದಾಗಿ ಕಡಲು ಸೇರುವ ಅಳಿವೆಯಲ್ಲಿ, ಅಂದರೆ ನದೀಮುಖದಲ್ಲಿ, ಮಂಗಳೂರು ಬೆಳೆದಿದೆ. ಉತ್ತರಕ್ಕೆ ಬೆಂಗ್ರೆಯ, ದಕ್ಷಿಣಕ್ಕೆ ಉಳ್ಳಾಲದ ಮರಳುದಿಣ್ಣೆಗಳು ಅಲೆಗಳನ್ನು ತಡೆದು ಒಳನೀರಿನಲ್ಲಿ ಹಡಗುಗಳಿಗೆ ಆಸರೆ ಕೊಟ್ಟವಾದರೂ, ಮಳೆಗಾಲದಲ್ಲಿ ಅದೇ ಹೊಳೆಗಳು ಹೊತ್ತು ತರುವ ಹೂಳು ಅಳಿವೆ ಬಾಗಿಲಿನಲ್ಲಿ ತುಂಬಿಕೊಳ್ಳುತ್ತಿದ್ದುದರಿಂದ ದೊಡ್ಡ ಹಡಗುಗಳು ಹೊರಗಡಲಿನಲ್ಲೇ ಲಂಗರು ಹಾಕಿ ಸರಕನ್ನು ದೋಣಿಗಳಿಗೆ ಇಳಿಸಬೇಕಾಗುತ್ತಿತ್ತು. ಅರಸರ ಕಾಳಗಗಳಿಗಿಂತ ಈ ಬಾಗಿಲಿನ ಆಳವೇ ನಗರದ ಚರಿತ್ರೆಯನ್ನು ಹೆಚ್ಚು ತಿದ್ದಿದೆ.

12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಇಲ್ಲಿ ನೆಲೆಸಿ ಏಡನ್ನಿಗೆ ಮೆಣಸು, ಅಡಿಕೆ, ಕಬ್ಬಿಣಗಳನ್ನು ಕಳುಹಿಸುತ್ತಿದ್ದನು. ಅಲ್ಲಿಂದ ಬಂದ ಹಳೆಯ ಲೋಹವನ್ನು ಕರಗಿಸಿ ಕಂಚಿನ ಪಾತ್ರೆಗಳನ್ನೂ ಮಾಡಿಸುತ್ತಿದ್ದನೆಂಬುದು ಕೈರೋದಲ್ಲಿ ಉಳಿದುಬಂದ ಪತ್ರಗಳಿಂದ ತಿಳಿಯುತ್ತದೆ. ಶತಮಾನಗಳ ಬಳಿಕ, 1865ರಲ್ಲಿ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದ ಮೇಲೆ ಹೊಳೆದಂಡೆಯ ಜೇಡಿಮಣ್ಣೇ ಸರಕಾಗಿ, ಮಂಗಳೂರು ಹಂಚು ದೂರದ ನಾಡುಗಳ ಮಾಡುಗಳನ್ನೇರಿತು.

ಆಧುನಿಕ ಹಡಗುಗಳಿಗೆ ಅಳಿವೆಯ ಆಳ ಸಾಲದೆ, ನಗರದ ಉತ್ತರದ ಪಣಂಬೂರಿನಲ್ಲಿ ನೆಲವನ್ನು ಅಗೆದು ನವಮಂಗಳೂರು ಬಂದರನ್ನು ನಿರ್ಮಿಸಲಾಯಿತು. ಅದು 1974ರಲ್ಲಿ ದೇಶದ ಪ್ರಧಾನ ಬಂದರುಗಳ ಸಾಲಿಗೆ ಸೇರಿತು. ಕುದುರೆಮುಖದ ಅದಿರು, ಕಚ್ಚಾತೈಲ, ಕಲ್ಲಿದ್ದಲು ಅತ್ತ ಸಾಗಿದರೂ ಹಳೆಯ ಬಂದರು ಬರಿದಾಗಲಿಲ್ಲ. ಲಕ್ಷದ್ವೀಪಕ್ಕೆ ದಿನಸಿ, ತರಕಾರಿ, ಕಟ್ಟಡ ಸಾಮಗ್ರಿ ಒಯ್ಯುವ ಮಂಜಿಗಳು, ಅಂದರೆ ಮರದ ಸರಕುನೌಕೆಗಳು, ಇಂದಿಗೂ ಇಲ್ಲಿಂದಲೇ ಹೊರಡುತ್ತವೆ. ಪಕ್ಕದ ಮೀನುಗಾರಿಕಾ ಧಕ್ಕೆಯಲ್ಲಿ ನಸುಕಿಗೇ ಬೋಟುಗಳಿಂದ ಬುಟ್ಟಿಬುಟ್ಟಿಯಾಗಿ ಬಂಗುಡೆ, ಬೂತಾಯಿ ಇಳಿಯುತ್ತಿದ್ದಂತೆ ಏಲಂ ಕೂಗು ಏಳುತ್ತದೆ. ಹೆಂಗಸರು ಮೀನನ್ನು ವಿಂಗಡಿಸಿ, ಮಂಜುಗಡ್ಡೆ ಹಾಕಿ ಮಾರುಕಟ್ಟೆಗೆ ಒಯ್ಯುತ್ತಾರೆ.

ಈ ಕಸುಬಿನ ಸ್ವರೂಪ ಒಂದೇ ತಲೆಮಾರಿನಲ್ಲಿ ಬದಲಾದುದನ್ನು ಗಮನಿಸಲೇಬೇಕು. ಕರಾವಳಿಯ ಮೀನುಗಾರ ಸಮುದಾಯವಾದ ಮೊಗವೀರರು ನಡೆಸುತ್ತಿದ್ದ ರಂಪಣಿ ಎಂಬ ಬಲೆಗಾರಿಕೆಯಲ್ಲಿ, ಮೀನಿನ ಹಿಂಡು ದಡದ ಹತ್ತಿರ ಬಂದಾಗ ದೋಣಿಯಿಂದ ಉದ್ದನೆಯ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ಹತ್ತಾರು ಮಂದಿ ದಡದಲ್ಲಿ ನಿಂತು ಎರಡೂ ತುದಿಗಳನ್ನು ಎಳೆಯುತ್ತಿದ್ದರು. ಬಲೆಯಲ್ಲಿ ಪಾಲಿದ್ದವರಿಗೂ ಎಳೆದವರಿಗೂ ಮೀನಿನಲ್ಲಿ ಪಾಲಿರುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ, ಹಿಂಡನ್ನು ಕಡಲಿನಲ್ಲೇ ಸುತ್ತುವರಿದು ಬಲೆಯ ತಳವನ್ನು ಹಗ್ಗದಿಂದ ಬಿಗಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ, ಮೀನು ದಡ ಮುಟ್ಟುವ ಮೊದಲೇ ಹಿಡಿಯಲ್ಪಟ್ಟು ರಂಪಣಿ ಹಿಂದೆ ಸರಿಯಿತು. ಇಳುವರಿ ಹೆಚ್ಚಿತೆಂಬುದು ನಿಜವೇ, ಆದರೆ ದಡದಲ್ಲಿ ನಿಂತವರ ಪಾಲು ಹೋದದ್ದು ಸಣ್ಣ ನಷ್ಟವಲ್ಲ. ಮೀನಿನ ಸಂತಾನವೃದ್ಧಿಗೆಂದು ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದ್ದು, ಆ 61 ದಿನ ಕಡಲು ಸಾಂಪ್ರದಾಯಿಕ ನಾಡದೋಣಿಗಳ ಪಾಲಿಗೆ ಉಳಿಯುತ್ತದೆ.