ಕ್ಯಾಷುಯಾಲ್ಟಿಯಲ್ಲಿ ನೋಡೋ ಡಾಕ್ಟರ್ ಯಾರು, ಬಿಲ್ ಯಾರು ಕಟ್ಟೋದು? ಶಿವಾಜಿನಗರದಿಂದ ಕೆ.ಆರ್.ಪುರದವರಿಗೆ ಗೊತ್ತಿರಬೇಕಾದ ವಿಷಯ

ಬೆಂಗಳೂರು: ರಾತ್ರಿ ಹತ್ತಕ್ಕೆ ಅಂಗಡಿ ಶಟರ್ ಎಳೆಯುವಾಗ ಯಾರಾದರೂ ಎದೆ ಹಿಡಿದುಕೊಂಡು ಕುಸಿದರೆ, ಹತ್ತಿರದಲ್ಲಿ ಆಸ್ಪತ್ರೆ ಯಾವುದಿದೆ ಅಂತ ಮಾತ್ರ ಜನ ನೋಡುತ್ತಾರೆ. ಅದು ಸರಿಯೇ. ಆದರೆ ಒಳಗೆ ಹೋದ ಮೇಲೆ ಎರಡು ಪ್ರಶ್ನೆ ಎದುರಾಗುತ್ತವೆ: ನೋಡ್ತಿರೋ ಡಾಕ್ಟರ್ ಏನು ಓದಿದ್ದಾರೆ? ನಮ್ಮ ಇನ್ಶೂರೆನ್ಸ್ ಇಲ್ಲಿ ನಡೆಯುತ್ತಾ?

ಮೊದಲನೆಯದನ್ನು ಮೊದಲು ನೋಡೋಣ. ಎಮರ್ಜೆನ್ಸಿ ಮೆಡಿಸಿನ್ ಅನ್ನುವುದು ನಮ್ಮ ದೇಶದಲ್ಲಿ ಪ್ರತ್ಯೇಕ ಪರಿಣತಿಯಾಗಿ ಮಾನ್ಯತೆ ಪಡೆದಿದ್ದು 2009ರಲ್ಲಿ. ಅದಕ್ಕೂ ಮುಂಚೆ ಕ್ಯಾಷುಯಾಲ್ಟಿ ಅಂದರೆ ಡ್ಯೂಟಿ ಡಾಕ್ಟರ್ ಒಬ್ಬರು, ಅವರು ಫೋನ್ ಮಾಡಿದಾಗ ಬರುವ ಸ್ಪೆಷಲಿಸ್ಟ್ ಇನ್ನೊಬ್ಬರು, ಅಷ್ಟೇ. ಈಗ ನಾಲ್ಕೂವರೆ ವರ್ಷ ಎಂಬಿಬಿಎಸ್, ಒಂದು ವರ್ಷ ಇಂಟರ್ನ್‌ಶಿಪ್ ಆದ ಮೇಲೆ ಮೂರು ವರ್ಷ ಇದನ್ನೇ ಓದಿ ಎಂಡಿ ಅಥವಾ ಡಿಎನ್‌ಬಿ ಮಾಡಿದವರಿದ್ದಾರೆ. ಹೃದಯಾಘಾತ, ಲಕ್ವ, ಹಾವು ಕಡಿತ, ಅಪಘಾತ, ಮಗುವಿಗೆ ಫಿಟ್ಸ್, ಯಾವುದೇ ಬಂದರೂ ಮೊದಲ ಒಂದು ಗಂಟೆ ಜೀವ ಹಿಡಿದು ನಿಲ್ಲಿಸುವುದೇ ಇವರ ಕೆಲಸ. ಎದೆನೋವು ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ಈ ವಿಭಾಗದ ಮೂಲಪಾಠ. ನಿಮಗಿಂತ ಆಮೇಲೆ ಬಂದವರನ್ನು ಮೊದಲು ಒಳಗೆ ಕರೆದರೆ ಜಗಳ ಆಡಬೇಡಿ. ಅಲ್ಲಿ ಸರದಿ ಟೋಕನ್ ಪ್ರಕಾರ ಅಲ್ಲ, ಅಪಾಯದ ಪ್ರಕಾರ.

ಎಲ್ಲ ಕಡೆ ಎಂಡಿ ಮಾಡಿದವರೇ ಸಿಗುವುದಿಲ್ಲ. ಎಂಬಿಬಿಎಸ್ ಡ್ಯೂಟಿ ಡಾಕ್ಟರ್‌ಗಳೇ ಬಹಳ ಕಡೆ ಕ್ಯಾಷುಯಾಲ್ಟಿ ನಡೆಸುತ್ತಾರೆ, ಅವರಲ್ಲಿ ಅನುಭವಸ್ಥರೂ ಇದ್ದಾರೆ. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ರಾತ್ರಿ ಪಾಳಿಗೆ ಆಯುರ್ವೇದ ಓದಿದವರು ಕೂತಿರುವುದೂ ಉಂಟು. ಕೇಳುವುದರಲ್ಲಿ ತಪ್ಪೇನಿಲ್ಲ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಪ್ರತಿ ವೈದ್ಯರೂ ಚೀಟಿ, ಸರ್ಟಿಫಿಕೇಟು, ರಸೀದಿಯ ಮೇಲೆ ನೋಂದಣಿ ಸಂಖ್ಯೆ ಹಾಕಲೇಬೇಕು. ಆ ಸಂಖ್ಯೆ ಇದ್ದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಯಾರೇ ಆದರೂ ಪರಿಶೀಲಿಸಬಹುದು. ಖಾಸಗಿ ಆಸ್ಪತ್ರೆಯ ಬಾಗಿಲಲ್ಲಿ ಕೆಪಿಎಂಇ ನೋಂದಣಿ ಬೋರ್ಡ್ ಕೂಡ ಇರಬೇಕು: ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು.

ಇನ್ನು ದುಡ್ಡಿನ ಮಾತು. ಅಮೆರಿಕದಲ್ಲಿರುವ ಮಗನೋ ಮಗಳೋ ಫೋನ್‌ನಲ್ಲಿ "ಆ ಡಾಕ್ಟರ್ ನಮ್ಮ ಇನ್ಶೂರೆನ್ಸ್ ತಗೋತಾರಾ ಕೇಳಿ" ಅಂದರೆ ಇಂದಿರಾನಗರದ ಅಪ್ಪ ಅಮ್ಮನಿಗೆ ತಲೆಬುಡ ಗೊತ್ತಾಗುವುದಿಲ್ಲ. ಅಲ್ಲಿ ಪ್ರತಿ ವೈದ್ಯರೂ ಬೇರೆ ಬೇರೆ ವಿಮಾ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿರುತ್ತಾರೆ. ಆಸ್ಪತ್ರೆ ಪಟ್ಟಿಯಲ್ಲಿದ್ದು ಎಮರ್ಜೆನ್ಸಿ ಡಾಕ್ಟರ್ ಪಟ್ಟಿಯಲ್ಲಿಲ್ಲದೆ ಜನರಿಗೆ ಅನಿರೀಕ್ಷಿತ ಬಿಲ್ ಬರುತ್ತಿತ್ತು. ಅದನ್ನು ತಡೆಯುವ ಕಾನೂನು ಅಲ್ಲಿ ಜಾರಿಯಾಗಿದ್ದೇ 2022ರ ಜನವರಿಯಲ್ಲಿ. ನಮ್ಮಲ್ಲಿ ಲೆಕ್ಕ ಬೇರೆ. ಒಪ್ಪಂದ ಇರುವುದು ಆಸ್ಪತ್ರೆಗೆ, ಡಾಕ್ಟರ್‌ಗೆ ಅಲ್ಲ. ಹಾಗಾಗಿ ಕೇಳಬೇಕಾದ್ದು ಬಿಲ್ಲಿಂಗ್ ಕೌಂಟರ್‌ನಲ್ಲಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಕ್ಯಾಷುಯಾಲ್ಟಿಯಲ್ಲಿ ನಾಲ್ಕೈದು ಗಂಟೆ ಮಲಗಿಸಿ, ಡ್ರಿಪ್ ಹಾಕಿ, ಸ್ಕ್ಯಾನ್ ಮಾಡಿ ಮನೆಗೆ ಕಳಿಸಿದರೆ ಸಾಮಾನ್ಯ ಪಾಲಿಸಿಯಲ್ಲಿ ಅದು ಅಡ್ಮಿಷನ್ ಲೆಕ್ಕಕ್ಕೆ ಬರುವುದಿಲ್ಲ. ಡೇ ಕೇರ್ ಪಟ್ಟಿಯ ಚಿಕಿತ್ಸೆ ಬಿಟ್ಟರೆ 24 ಗಂಟೆ ಒಳರೋಗಿಯಾಗಿರಬೇಕು. ಓಪಿಡಿ ಕವರ್ ಇಲ್ಲದಿದ್ದರೆ ಆ ದುಡ್ಡು ಕೈಯಿಂದಲೇ.

ಇನ್ನೊಂದು, ಇದಕ್ಕಿಂತ ದೊಡ್ಡದು. ಕ್ಲೇಮ್ ಫೈಲಿನ ಮೊದಲ ಕಾಗದ ಆ ಎಮರ್ಜೆನ್ಸಿ ಡಾಕ್ಟರ್ ಬರೆದ ಟಿಪ್ಪಣಿಯೇ. ಗಾಬರಿಯಲ್ಲಿ ಜೊತೆಗೆ ಬಂದ ಪಕ್ಕದ ಅಂಗಡಿಯವರು "ಇವ್ರಿಗೆ ಹತ್ತು ವರ್ಷದಿಂದ ಬಿಪಿ ಇದೆ" ಅಂದುಬಿಡುತ್ತಾರೆ, ಅದು ಹಾಗೇ ದಾಖಲಾಗುತ್ತದೆ. ಬಿಪಿ ಶುರುವಾಗಿದ್ದು ನಿಜವಾಗಿ ಎರಡು ವರ್ಷದ ಹಿಂದೆ, ಪಾಲಿಸಿ ಮಾಡಿಸಿ ಮೂರು ವರ್ಷ ಆಗಿರುತ್ತದೆ. ಆದರೂ "ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಿ" ಅನ್ನುವ ಪತ್ರ ಬರುತ್ತದೆ. ಡಾಕ್ಟರ್ ಹತ್ತಿರ ಏನೂ ಮುಚ್ಚಿಡಬಾರದು, ಮಾತ್ರೆ, ಅಲರ್ಜಿ, ಕುಡಿತ ಎಲ್ಲ ಹೇಳಲೇಬೇಕು, ಚಿಕಿತ್ಸೆ ಅದರ ಮೇಲೆ ನಿಂತಿದೆ. ಆದರೆ ಗೊತ್ತಿಲ್ಲದ ವರ್ಷದ ಲೆಕ್ಕ ಅಂದಾಜಿನಲ್ಲಿ ಹೇಳಬೇಡಿ. ಮನೆಯವರು ಬಂದ ಮೇಲೆ ಸರಿಯಾಗಿ ಹೇಳಿ, ತಪ್ಪಾಗಿದ್ದರೆ ಡಿಸ್ಚಾರ್ಜ್ ಸಮ್ಮರಿ ಅಂತಿಮ ಆಗುವ ಮುಂಚೆಯೇ ತಿದ್ದಿಸಿಕೊಳ್ಳಿ.

ಕ್ಯಾಷ್‌ಲೆಸ್ ಅರ್ಜಿಗೆ ವಿಮಾ ಕಂಪನಿ ಒಂದು ಗಂಟೆಯೊಳಗೆ, ಡಿಸ್ಚಾರ್ಜ್‌ಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು ಅಂತ ಐಆರ್‌ಡಿಎಐ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಹೇಳಿದೆ. ಮೂರು ಗಂಟೆ ಮೀರಿ ಆಸ್ಪತ್ರೆ ಹೆಚ್ಚುವರಿ ಹಾಕಿದರೆ ಅದು ಕಂಪನಿಯ ತಲೆಗೆ. ತುರ್ತಾಗಿ ಸೇರಿಸಿದರೆ ಕಂಪನಿಗೆ ತಿಳಿಸುವುದನ್ನು ಪಾಲಿಸಿಯಲ್ಲಿ ಹೇಳಿದ ಗಡುವು ದಾಟಿಸಬೇಡಿ.

ಪಾಲಿಸಿಯೇ ಇಲ್ಲದವರು? ಶಿವಾಜಿನಗರದ ಬೌರಿಂಗ್, ಇಂದಿರಾನಗರದ ಸರ್ ಸಿ.ವಿ.ರಾಮನ್ ಆಸ್ಪತ್ರೆ, ಕೆ.ಆರ್.ಪುರದ ಸಾರ್ವಜನಿಕ ಆಸ್ಪತ್ರೆ ಇವೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ಮಿತಿ 1.5 ಲಕ್ಷ. ಸಾಮಾನ್ಯವಾಗಿ ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಆದರೆ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. "ರೆಫರಲ್ ತನ್ನಿ" ಅಂದರೆ 104ಕ್ಕೆ ಕರೆ ಮಾಡಿ ಕೇಳಿ.

ಅಂಗಡಿ ಮಾಲೀಕರಿಗೆ ಒಂದು ಮಾತು. ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ಇಎಸ್‌ಐ ಅನ್ವಯಿಸುತ್ತದೆ, ತಿಂಗಳ ಸಂಬಳ 21,000 ರೂಪಾಯಿವರೆಗಿನವರಿಗೆ. ಮಾಲೀಕರ ಪಾಲು ಶೇ. 3.25, ಕೆಲಸಗಾರರದ್ದು ಶೇ. 0.75. ಇಂದಿರಾನಗರದಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಹುಡುಗ ಏಣಿಯಿಂದ ಬಿದ್ದ ದಿನ ನೋಂದಣಿ ನೆನಪಾದರೆ ಏನು ಪ್ರಯೋಜನ?

ರಸ್ತೆ ಅಪಘಾತಕ್ಕೆ ನಿಯಮ ಇನ್ನೂ ಸ್ಪಷ್ಟ. ಹಳೇ ಮದ್ರಾಸ್ ರಸ್ತೆಯಲ್ಲೋ ಟಿನ್ ಫ್ಯಾಕ್ಟರಿ ಹತ್ತಿರವೋ ಬಿದ್ದವರಿಗೆ, 2025ರ ಮೇ ತಿಂಗಳಿಂದ ಜಾರಿಯಾದ ಕೇಂದ್ರ ಯೋಜನೆಯಲ್ಲಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ 7 ದಿನ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ಪೊಲೀಸರು ಬರಲಿ ಅಂತ ಕಾಯಿಸುವಂತಿಲ್ಲ. 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಕರೆತಂದವರನ್ನು ಹಿಡಿದು ಕೂರಿಸುವಂತಿಲ್ಲ. ರಾಜ್ಯದ ಕೆಪಿಎಂಇ ಕಾಯ್ದೆ ಪ್ರಕಾರ ತುರ್ತಿನಲ್ಲಿ ಅಡ್ವಾನ್ಸ್ ಕಟ್ಟಿದರೆ ಮಾತ್ರ ಮುಟ್ಟುತ್ತೇವೆ ಅನ್ನುವಂತೆಯೂ ಇಲ್ಲ.

ಕ್ಲೇಮ್ ತಿರಸ್ಕಾರ ಆದರೆ ಮೊದಲು ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಜೆ.ಪಿ.ನಗರದ ಜೀವನ್ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಅರ್ಜಿ ಹಾಕಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕ್ಯಾಷುಯಾಲ್ಟಿ ಚೀಟಿಯ ನಕಲು ಮಾತ್ರ ಜೋಪಾನವಾಗಿ ಇಟ್ಟುಕೊಂಡಿರಬೇಕು.