ಅಂಕಿ ಹೆಚ್ಚಿದರೆ ಇಂಪು ಹೆಚ್ಚುವುದೇ?

ಕವಿತಾಳದಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ಈಚೆಗೆ ಒಂದು ಪ್ರಶ್ನೆ ಕೇಳಿದನು. ಅವನ ಸೋದರಮಾವನವರು ಸಂಗೀತಪ್ರಿಯರು. ತಮ್ಮಲ್ಲಿರುವ ಸಿ.ಡಿ.ಗಳು ಸಾಲವೆಂದು ‘ಹೈ ರೆಸಲ್ಯೂಷನ್’ ಎಂಬ ಹೆಸರಿನ ಹೊಸ ತಟ್ಟೆಗಳನ್ನೂ ಅವುಗಳನ್ನು ನುಡಿಸುವ ಯಂತ್ರವನ್ನೂ ಕೊಳ್ಳಲು ಹೊರಟಿದ್ದಾರೆ. ಯಂತ್ರದ ಬೆಲೆ ಹುಡುಗನ ಒಂದು ವರ್ಷದ ಕಾಲೇಜು ಖರ್ಚಿಗಿಂತ ಹೆಚ್ಚು! “ಸರ್, ಅದರಲ್ಲಿ ಹಾಡು ನಿಜವಾಗಿಯೂ ಹೆಚ್ಚು ಚೆನ್ನಾಗಿ ಕೇಳಿಸುತ್ತದೆಯೇ?” ಬಸ್ಸಿನ ಗದ್ದಲದಲ್ಲಿ ಕೊಟ್ಟ ಉತ್ತರ ನನಗೇ ತೃಪ್ತಿಯಾಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಶಬ್ದವನ್ನು ಅಂಕಿಗಳಾಗಿ ಮಾಡುವುದೆಂದರೇನು? ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಗೇಜನ್ನು ನೆನೆಯಿರಿ. ನೀರು ಏರಿಳಿಯುತ್ತದೆ; ಗೊತ್ತಾದ ಹೊತ್ತಿಗೊಮ್ಮೆ ಒಬ್ಬನು ಮಟ್ಟವನ್ನು ನೋಡಿ ಪುಸ್ತಕದಲ್ಲಿ ಬರೆಯುತ್ತಾನೆ. ಎಷ್ಟು ಹೊತ್ತಿಗೊಮ್ಮೆ ನೋಡುತ್ತಾನೆ ಎಂಬುದು ಒಂದು ಮಾತು; ಗೇಜಿನ ಗೆರೆಗಳು ಎಷ್ಟು ಸೂಕ್ಷ್ಮವಾಗಿವೆ ಎಂಬುದು ಇನ್ನೊಂದು. ಮೈಕ್ರೋಫೋನಿನಿಂದ ಬರುವ ವಿದ್ಯುತ್ತಿನ ಏರಿಳಿತವನ್ನೂ ಹೀಗೆಯೇ ಅಳೆಯುತ್ತಾರೆ. 1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಮಾರುಕಟ್ಟೆಗೆ ತಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳು. ಪ್ರತಿಯೊಂದು ಅಳತೆಗೂ 16 ಬಿಟ್, ಅಂದರೆ 65,536 ಗೆರೆಗಳು. 2000ದಲ್ಲಿ ಬಂದ ಡಿ.ವಿ.ಡಿ. ಆಡಿಯೋ ತಟ್ಟೆಯಲ್ಲಿ ಸೆಕೆಂಡಿಗೆ 1,92,000 ಅಳತೆಗಳವರೆಗೆ ಹೋಗಬಹುದು. ಬಿಟ್ 24, ಗೆರೆಗಳು 1,67,77,216. ಅದಕ್ಕೆ ಒಂದು ವರ್ಷ ಮೊದಲು ಬಂದ ಸೂಪರ್ ಆಡಿಯೋ ಸಿ.ಡಿ.ಯ ದಾರಿಯೇ ಬೇರೆ: ಬಿಟ್ ಒಂದೇ, ಆದರೆ ಸೆಕೆಂಡಿಗೆ 28,22,400 ಸಲ. ಡಿ.ವಿ.ಡಿ. ಆಡಿಯೋ ಹೆಚ್ಚು ಕಾಲ ಬಾಳಲಿಲ್ಲ. ಸೂಪರ್ ಆಡಿಯೋ ಸಿ.ಡಿ.ಗಳು ಮಾತ್ರ ಇಂದಿಗೂ ಅಲ್ಪಸ್ವಲ್ಪ ಹೊರಬರುತ್ತಿವೆ.

ಎರಡು ಅಳತೆಗಳ ನಡುವೆ ನಡೆದ ಏರಿಳಿತ ಕಳೆದುಹೋಗುವುದಿಲ್ಲವೇ? ಅಳತೆಗಳು ಒತ್ತಾದಷ್ಟೂ ಹಾಡು ನುಣುಪಾಗಬೇಡವೇ? ಜಾಹೀರಾತುಗಳಲ್ಲಿ ಸಿ.ಡಿ.ಯ ಶಬ್ದವನ್ನು ಮೆಟ್ಟಿಲುಗಳಂತೆಯೂ ಹೊಸ ತಟ್ಟೆಯ ಶಬ್ದವನ್ನು ನಯವಾದ ಗೆರೆಯಂತೆಯೂ ಬರೆದು ತೋರಿಸುವುದುಂಟು. ಈ ಚಿತ್ರ ತಪ್ಪು. ಏರಿಳಿತದಲ್ಲಿರುವ ಅತಿ ಶೀಘ್ರವಾದ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳತೆ ಮಾಡಿದ್ದೇ ಆದರೆ, ಆ ಅಂಕಿಗಳ ಮೂಲಕ ಹಾಯಬಲ್ಲ ವಕ್ರರೇಖೆ ಒಂದೇ ಒಂದು. ಅದೇ ಮೂಲದ ರೇಖೆ. 1928ರಲ್ಲಿ ನೈಕ್ವಿಸ್ಟ್ ಇದಕ್ಕೆ ಅಡಿಪಾಯ ಹಾಕಿದನು. 1949ರಲ್ಲಿ ಷ್ಯಾನನ್ ಸ್ಪಷ್ಟವಾಗಿ ಸಾಧಿಸಿ ತೋರಿಸಿದನು. ಕಾಲುವೆಯ ನೀರು ದಿನಕ್ಕೊಮ್ಮೆ ನಿಧಾನವಾಗಿ ಏರಿ ಇಳಿಯುವುದಾದರೆ, ಗೇಜನ್ನು ನಿಮಿಷಕ್ಕೊಮ್ಮೆ ನೋಡಿ ಬರೆಯುವವನಿಗೆ ಪುಸ್ತಕ ತುಂಬುವುದಲ್ಲದೆ ಹೊಸ ಸುದ್ದಿಯೇನೂ ಸಿಕ್ಕದು.

ಮನುಷ್ಯನ ಕಿವಿಗೆ ಕೇಳಿಸುವುದು ಸೆಕೆಂಡಿಗೆ 20ರಿಂದ ಸುಮಾರು 20,000 ಕಂಪನಗಳವರೆಗೆ. ವಯಸ್ಸಾದಂತೆ ಮೇಲಿನ ಎಲ್ಲೆ ಕೆಳಗಿಳಿಯುತ್ತದೆ. ಸಿ.ಡಿ.ಯ ಎಲ್ಲೆ 22,050. ಸೆಕೆಂಡಿಗೆ 1,92,000 ಅಳತೆಯ ತಟ್ಟೆಯ ಎಲ್ಲೆಯಾದರೋ 96,000. ಆಲದ ಮರದ ಬಾವಲಿಗಳಿಗೆ ಕಛೇರಿ ಏರ್ಪಡಿಸುವವರಿಗೆ ಇದು ಉಪಯೋಗವಾದೀತು!

“ತಂಬೂರಿಯ ಸೂಕ್ಷ್ಮ ಸ್ವರಗಳೆಲ್ಲ ಮೇಲಿನ ಕಂಪನಗಳಲ್ಲಿಯೇ ಅಲ್ಲವೇ ಇರುವುದು?” ಎಂದು ಸಂಗೀತ ಬಲ್ಲವರು ಕೇಳಬಹುದು. ಒಳ್ಳೆಯ ಆಕ್ಷೇಪಣೆ. ತಂಬೂರಿಯ ಕುದುರೆಯ ಇಳಿಜಾರಾದ ಮೈಗೆ ತಂತಿ ಸವರಿಕೊಂಡು ಮಿಡಿಯುವುದರಿಂದ, ಸಾಮಾನ್ಯ ತಂತಿಯಲ್ಲಿ ಹುಟ್ಟಲಾಗದ ಉಪಸ್ವರಗಳೂ ಅದರಲ್ಲಿ ಹುಟ್ಟುತ್ತವೆಂದು ಸಿ. ವಿ. ರಾಮನ್ನರು 1921ರಲ್ಲಿಯೇ ವಿವರಿಸಿದ್ದರು. ಲೆಕ್ಕ ಹಾಕಿ ನೋಡೋಣ. ತಂತಿಯ ಮೂಲಸ್ವರ ಸೆಕೆಂಡಿಗೆ 130 ಕಂಪನಗಳಾಗಿದ್ದರೆ, ಅದರ 150ನೆಯ ಉಪಸ್ವರ 19,500ಕ್ಕೆ ಬರುತ್ತದೆ. ಅದೂ ಸಿ.ಡಿ.ಯ ಎಲ್ಲೆಯ ಒಳಗೇ ಇದೆ.

ಇನ್ನು ಗೆರೆಗಳ ಸೂಕ್ಷ್ಮತೆ. ಒಂದೊಂದು ಬಿಟ್ ಸುಮಾರು 6 ಡೆಸಿಬೆಲ್ ಅಂತರವನ್ನು ಕೊಡುತ್ತದೆ. 16 ಬಿಟ್ಟಿಗೆ 96, 24 ಬಿಟ್ಟಿಗೆ 144. ರಾತ್ರಿ ನಿಶ್ಶಬ್ದವಾದ ಕೋಣೆಯಲ್ಲಿಯೂ 30 ಡೆಸಿಬೆಲ್ಲಿನಷ್ಟು ಸದ್ದು ಇದ್ದೇ ಇರುತ್ತದೆ. ಅದರ ಮೇಲೆ 96 ಕೂಡಿಸಿದರೆ 126. ಅಷ್ಟು ಜೋರಾದ ಶಬ್ದ ಕಿವಿಗೆ ನೋವನ್ನುಂಟುಮಾಡುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಫ್ಯಾನು ನಿಲ್ಲಿಸಿ ಹಾಡು ಕೇಳುವವರು ಯಾರು? ಫ್ಯಾನು ತಿರುಗುತ್ತಿದ್ದರೆ 16 ಬಿಟ್ಟಿನ ಕೆಳಗಿನ ಗೆರೆಗಳೇ ಅದರ ಸದ್ದಿನಲ್ಲಿ ಮುಳುಗಿಹೋಗುತ್ತವೆ.

ಗಣಿತವೇನೋ ಸರಿ, ಕಿವಿಯ ಸಾಕ್ಷ್ಯವೇನು? 2007ರಲ್ಲಿ ಅಮೆರಿಕದ ಮೆಯರ್ ಮತ್ತು ಮೊರಾನ್ ಎಂಬುವರು ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಹೊಸ ತಟ್ಟೆಯ ಶಬ್ದವನ್ನು ಒಮ್ಮೆ ನೇರವಾಗಿಯೂ ಒಮ್ಮೆ ಸಿ.ಡಿ.ಯ ಮಟ್ಟಕ್ಕೆ ಇಳಿಸಿಯೂ ಕೇಳಿಸಿದರು. ಯಾವುದು ಯಾವುದೆಂದು ಕೇಳುವವರಿಗೆ ತಿಳಿಸಲಿಲ್ಲ. 554 ಸಲ ಕೇಳಿದ್ದರಲ್ಲಿ ಸರಿಯುತ್ತರ 276. ಕಣ್ಣುಮುಚ್ಚಿ ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು. ಆದರೆ ವಾದ ಅಲ್ಲಿಗೆ ಮುಗಿಯಲಿಲ್ಲವೆಂಬುದನ್ನು ಮುಚ್ಚಿಡಬಾರದು. 2016ರಲ್ಲಿ ಲಂಡನ್ನಿನ ರೈಸ್ ಎಂಬುವರು ಇಂಥ 18 ಪ್ರಯೋಗಗಳನ್ನು ಒಟ್ಟುಗೂಡಿಸಿ, ಹನ್ನೆರಡು ಸಾವಿರಕ್ಕೂ ಮೀರಿದ ಉತ್ತರಗಳಲ್ಲಿ ನೂರಕ್ಕೆ 52.3ರಷ್ಟು ಸರಿಯಾಗಿದ್ದುದನ್ನು ಕಂಡರು. ಅಭ್ಯಾಸ ಮಾಡಿಸಿದ ಕಿವಿಗಳು ಇನ್ನೂ ಸ್ವಲ್ಪ ಮೇಲು. ಆದುದರಿಂದ ‘ಏನೇನೂ ಇಲ್ಲ’ ಎನ್ನುವುದು ದುಡುಕಾದೀತು. ಆದರೆ ಇಷ್ಟು ಹುಡುಕಿ ಹಿಡಿಯಬೇಕಾದ ಭೇದಕ್ಕೆ ಒಂದು ವರ್ಷದ ಶುಲ್ಕವನ್ನು ತೆರುವುದು ನನಗೆ ಸರಿಕಾಣದು.

ಹಾಗಿದ್ದರೂ ಅಂಗಡಿಯಲ್ಲಿ ಹೊಸ ತಟ್ಟೆ ಇಂಪಾಗಿ ಕೇಳಿಸಿತೆಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅಂಥ ಹಲವು ತಟ್ಟೆಗಳ ಧ್ವನಿಯನ್ನು ಹೆಚ್ಚು ಶ್ರದ್ಧೆಯಿಂದ ಹದಗೊಳಿಸಿರುತ್ತಾರೆ. ಅದೇ ಹಾಡಿನ ಸಾಮಾನ್ಯ ಸಿ.ಡಿ.ಯನ್ನಾದರೋ ಅಬ್ಬರಕ್ಕಾಗಿ ಹಿಂಡಿರುತ್ತಾರೆ. ಇಂಪು ಬಂದುದು ಆ ಶ್ರದ್ಧೆಯಿಂದ, ಅದನ್ನು ಸಿ.ಡಿ.ಯಲ್ಲಿಯೂ ಇಡಬಹುದಾಗಿತ್ತು. ಸಾಲದ್ದಕ್ಕೆ, ಒಂದು ಡೆಸಿಬೆಲ್ ಜೋರಾಗಿ ನುಡಿದದ್ದೂ ‘ಒಳ್ಳೆಯದು’ ಎಂದೇ ಕಿವಿಗೆ ತೋರುತ್ತದೆ. ನೀವೇ ಪರೀಕ್ಷಿಸಿ ನೋಡುವುದಾದರೆ ಎರಡರ ಜೋರನ್ನೂ ಸಮಮಾಡಿ, ಗೆಳೆಯನೊಬ್ಬನು ನಿಮಗೆ ಕಾಣದಂತೆ ಬದಲಿಸುತ್ತಿರಲಿ. 20 ಸಲದಲ್ಲಿ ಬರಿಯ ಊಹೆಗೆ 10 ಸರಿಯಾಗಬಹುದು; 15 ಅಥವಾ ಅದಕ್ಕಿಂತ ಹೆಚ್ಚು ಸರಿಯಾದರೆ, ಅದು ಕೇವಲ ಆಕಸ್ಮಿಕವಾಗಿ ಆಗುವ ಸಂಭವ ನೂರಕ್ಕೆ ಎರಡು ಮಾತ್ರ.

ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು ಧ್ವನಿಮುದ್ರಿಕೆಗಳ ದೊಡ್ಡ ರಸಿಕರು. ರಷ್ಯದ ಸಂಗೀತಗಾರ ಮೆಟ್ನರನ ಕೃತಿಗಳು ಉಳಿಯಲೆಂದು ಹಣ ಕೊಟ್ಟು, ಅವನೇ ನುಡಿಸಿದ ಪಿಯಾನೋವನ್ನು ಲಂಡನ್ನಿನಲ್ಲಿ ಎಚ್.ಎಂ.ವಿ. ತಟ್ಟೆಗಳಿಗೆ ಇಳಿಸುವಂತೆ ಮಾಡಿದರು. 1951ರಲ್ಲಿ ಮೆಟ್ನರನು ತೀರಿಕೊಂಡನು. ಅವನ ಬೆರಳಿನ ನಾದ ಉಳಿಯಿತು, ಮುಂದೆ ಸಿ.ಡಿ.ಯಾಗಿಯೂ ಬಂತು. ಆ ಕಾಲದ ಸೂಜಿ ಕೊರೆಯದೆ ಬಿಟ್ಟ ನಾದವನ್ನು ಇಂದಿನ ಯಾವ 24 ಬಿಟ್ಟೂ ತಂದುಕೊಡಲಾರದು. ಮಹಾರಾಜರು ಹಣ ತೆತ್ತದ್ದು ಗೆರೆಗಳ ಸೂಕ್ಷ್ಮತೆಗಲ್ಲ, ಮುದ್ರಿಸಿಕೊಳ್ಳುವ ಕೆಲಸಕ್ಕೆ.

24 ಬಿಟ್ಟಿಗೆ ನಿಜವಾದ ಕೆಲಸವಿರುವುದೂ ಅಲ್ಲಿಯೇ. ಮಂದ್ರದಲ್ಲಿದ್ದ ಗಾಯಕನು ಯಾವ ಗಳಿಗೆಯಲ್ಲಿ ತಾರಕ್ಕೆ ಹಾರುವನೋ ಹೇಳಲಾಗದು. ಮುದ್ರಿಸುವವನು 20 ಡೆಸಿಬೆಲ್ ಜಾಗವನ್ನು ಮೇಲೆ ಬಿಟ್ಟರೂ ಕೆಳಗೆ ಬೇಕಾದಷ್ಟು ಉಳಿದಿರುತ್ತದೆ. ಅನಂತರ ಸದ್ದು ತೆಗೆಯುವಾಗ, ಜೋರು ತಗ್ಗಿಸುವಾಗ ಆಗುವ ಲೆಕ್ಕದ ಸಣ್ಣ ತಪ್ಪುಗಳು ಕೇಳಿಸುವಷ್ಟು ದೊಡ್ಡವಾಗುವುದಿಲ್ಲ. ಹಳೆಯ ಧ್ವನಿಗಳನ್ನು ಕಾಯುವ ಅಂತರರಾಷ್ಟ್ರೀಯ ಭಂಡಾರಗಳು 24 ಬಿಟ್, ಕಡಮೆಯೆಂದರೆ 48,000 ಅಳತೆ ಎಂದು ನಿಯಮ ಮಾಡಿಕೊಂಡಿರುವುದು ಇದಕ್ಕಾಗಿಯೇ.

ಈ ಮಾತನ್ನು ಹೇಳುತ್ತಿದ್ದಾಗ ಹುಡುಗನಿಗೆ ಒಂದು ನೆನಪಾಯಿತು. ಮಾವನವರ ಅಟ್ಟದ ಮೇಲೆ ಒಂದು ಡಬ್ಬಿ ತುಂಬ ಕ್ಯಾಸೆಟ್ಟುಗಳಿವೆಯಂತೆ. ಊರಿನ ಹಿರಿಯರು ರಾತ್ರಿಯೆಲ್ಲ ಕುಳಿತು ಹಾಡಿದ ತತ್ತ್ವಪದಗಳು. ಹಾಡಿದವರಲ್ಲಿ ಹೆಚ್ಚಿನವರು ಈಗಿಲ್ಲ. ಅವರ ಧ್ವನಿ ಬೇರೆಲ್ಲಿಯೂ ಇಲ್ಲ. ಕ್ಯಾಸೆಟ್ಟಿನ ಪಟ್ಟಿ ವರ್ಷವರ್ಷಕ್ಕೂ ಹಾಳಾಗುತ್ತಿರುತ್ತದೆ. ಒಳ್ಳೆಯ ಹಳೆಯ ಟೇಪ್ ರಿಕಾರ್ಡರ್ ಒಂದನ್ನು ಹುಡುಕಿ, ಅದರ ಹೆಡ್ಡನ್ನು ಒರಸಿ, ಕಂಪ್ಯೂಟರಿಗೆ 24 ಬಿಟ್ಟಿನಲ್ಲಿ 96,000 ಅಳತೆಯಂತೆ ಇಳಿಸಿಕೊಳ್ಳಬೇಕೆಂದು ಹೇಳಿದೆ. ಒಂದು ಗಂಟೆಯ ಹಾಡಿಗೆ ಸುಮಾರು 2 ಗಿಗಾಬೈಟ್ ಜಾಗ ಬೇಕಾದೀತು. ದಸರೆಯ ರಜೆಯಲ್ಲಿ ಮಾವ, ಅಳಿಯ ಇಬ್ಬರೂ ಆ ಕೆಲಸಕ್ಕೆ ಕೂರುತ್ತಾರಂತೆ. ಯಂತ್ರವನ್ನು ಕೊಳ್ಳುವ ಮಾತು ಸದ್ಯಕ್ಕೆ ನಿಂತಿದೆ.