ಪರದೆಯ ಚೌಕಟ್ಟುಗಳು ಮಾಯವಾದಾಗ

ಕಂಪ್ಯೂಟರಿನ ಪರದೆಯ ಮೇಲೆ ತೆರೆದುಕೊಳ್ಳುವ ವಿಂಡೋಗಳನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಆದರೆ ಅವುಗಳಿಗೆ ಚೌಕಟ್ಟು ಕಟ್ಟಿ, ಒಂದನ್ನು ಮುಂದಕ್ಕೂ ಮತ್ತೊಂದನ್ನು ಹಿಂದಕ್ಕೂ ಇರಿಸುವುದು ಯಾವುದೆಂಬುದನ್ನು ಬಲ್ಲವರು ವಿರಳ. ನಾವೂ ಅದನ್ನು ಅರಿತಿರಲಿಲ್ಲ. ನಮ್ಮ ಆ ಅಜ್ಞಾನದಿಂದ ಹುಡುಗಿಯೊಬ್ಬಳಿಗೆ ಅನ್ಯಾಯವಾದುದರಿಂದಲೇ ಈ ಲೇಖನವನ್ನು ಬರೆಯಬೇಕಾಯಿತು.

ಒಂಬತ್ತನೆಯ ತರಗತಿಯವಳೊಬ್ಬಳು ಈ ಸ್ಮರಣ ಸಂಚಿಕೆಗೋಸ್ಕರ ಪ್ರಬಂಧವನ್ನು ಬೆರಳಚ್ಚು ಮಾಡುತ್ತಿರಲು, ಪರದೆಯ ಚೌಕಟ್ಟುಗಳೆಲ್ಲ ಒಮ್ಮೆಲೇ ಮಾಯವಾದವು. ವಿಂಡೋಗಳು ಒಂದರ ಮೇಲೊಂದು ಬಿದ್ದುಕೊಂಡವು; ಅವುಗಳನ್ನು ಸರಿಸಲು ಸಾಧ್ಯವಾಗಲಿಲ್ಲ. "ಏನನ್ನು ಒತ್ತಿದೆ?" ಎಂದು ನಾವು ಅವಳನ್ನು ಗದರಿಸಿ, ಯಂತ್ರದ ವಿದ್ಯುತ್ತನ್ನು ಆರಿಸಿಬಿಟ್ಟೆವು. ಉಳಿಸಿಡದಿದ್ದ ಮೂರು ಪುಟಗಳು ಅಳಿದುಹೋದವು. ಅವುಗಳನ್ನು ಕಳೆದದ್ದು ಅವಳ ಬೆರಳಲ್ಲ, ನಮ್ಮ ಕೈ. ಅದು ಹೇಗೆಂಬುದನ್ನು ವಿವರಿಸುವೆವು.

ಆ ಯಂತ್ರದಲ್ಲಿದ್ದದ್ದು ಎಕ್ಸ್ ವಿಂಡೋ ಸಿಸ್ಟಂ ಎಂಬ ಏರ್ಪಾಡು. ಇದು ೧೯೮೪ರಲ್ಲಿ ಅಮೇರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಹುಟ್ಟಿತು, ಇದರ ಹನ್ನೊಂದನೆಯ ಆವೃತ್ತಿಯು ೧೯೮೭ರಲ್ಲಿ ಹೊರಟಿತು. ಇದರಲ್ಲಿ ಕೆಲಸಗಳು ಹಂಚಲ್ಪಟ್ಟಿವೆ. ಎಕ್ಸ್ ಸರ್ವರ್ ಎಂಬುದು ಪರದೆಯ ಮೇಲೆ ಚಿತ್ರಿಸಿ, ಕೀಲಿಮಣೆ ಮತ್ತು ಮೌಸ್‌ಗಳ ಸುದ್ದಿಯನ್ನು ಆಯಾ ಪ್ರೋಗ್ರಾಮಿಗೆ ಮುಟ್ಟಿಸುತ್ತದೆ. ವಿಂಡೋಗಳನ್ನು ಓರಣವಾಗಿಡುವ ವಿಂಡೋ ಮ್ಯಾನೇಜರಾದರೋ ಬೇರೊಂದು ಪ್ರೋಗ್ರಾಂ. ಒಂದು ಪರದೆಗೆ ಒಂದೇ ಮ್ಯಾನೇಜರ್. ಎರಡನೆಯದು ಆ ಅಧಿಕಾರವನ್ನು ಕೇಳಿದರೆ ಸರ್ವರು 'ಬ್ಯಾಡ್ ಆಕ್ಸೆಸ್' ಎಂದು ನಿರಾಕರಿಸುವುದು.

ಬೋರ್ಡಿಂಗಿನ ಮೇಟ್ರನ್ನರು ಒಂದು ದಿನ ಇಲ್ಲದಿದ್ದರೆ ಹುಡುಗಿಯರ ಸಾಲು ಕೆಡುವುದೇ ಹೊರತು ಹುಡುಗಿಯರು ಇಲ್ಲವಾಗುವುದಿಲ್ಲ. ಹಾಗೆಯೇ ಆ ದಿನ ನಿಂತುಹೋಗಿದ್ದದ್ದು ಮ್ಯಾನೇಜರ್ ಮಾತ್ರ. ಪ್ರಬಂಧವು ಜೀವಂತವಾಗಿಯೇ ಇತ್ತು. ಯಂತ್ರವು ಲಿನಕ್ಸಿನದಾದುದರಿಂದ ಕಂಟ್ರೋಲ್, ಆಲ್ಟ್, ಎಫ್ ೩ ಕೀಲಿಗಳನ್ನು ಒಟ್ಟಿಗೆ ಒತ್ತಿ ಬರಹದ ಪರದೆಗೆ ಹೋಗಿ, ಅದೇ ಬಳಕೆದಾರಳ ಹೆಸರಿನಿಂದ ಒಳಹೊಕ್ಕು, ಡಿಸ್‌ಪ್ಲೇ ಎಂಬ ಸೂಚನೆಯಲ್ಲಿ ಮೊದಲಿನ ಪರದೆಯ ಅಂಕೆಯನ್ನಿತ್ತು ಮ್ಯಾನೇಜರನ್ನು ಪುನಃ ಹೊರಡಿಸಿದ್ದರೆ ಸಾಕಾಗಿತ್ತು.

ಆ ಚಿಕ್ಕ ಮ್ಯಾನೇಜರನ್ನು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಹಳೆಯ ಯಂತ್ರಗಳಿಗೋಸ್ಕರ ತಾನೇ ಬರೆದುಕೊಟ್ಟಿದ್ದಳು. ಸುದ್ದಿ ತಿಳಿದು ಬಂದ ಆಕೆಯು ದೋಷವನ್ನು ಶೋಧಿಸಿದ ಕ್ರಮವು ಎಲ್ಲರೂ ಅರಿಯತಕ್ಕದ್ದು.

ಮೊದಲನೆಯದಾಗಿ, ಶೋಧಿಸುವವರು ಹೊರಗೆ ನಿಲ್ಲಬೇಕು. ಮ್ಯಾನೇಜರನ್ನು ಅದರ ಪರದೆಯಲ್ಲಿಯೇ ಕುಳಿತು ಡೀಬಗ್ಗರಿನಿಂದ ನಡುವೆ ತಡೆದರೆ, ಹೊಸ ವಿಂಡೋಗಳು ತೆರೆಯವು. ಆ ಕ್ಷಣದಲ್ಲಿ ಅದು ಸರ್ವರನ್ನು ತನ್ನೊಬ್ಬಳದಾಗಿ ಹಿಡಿದುಕೊಂಡಿದ್ದರೆ, 'ಮುಂದುವರಿ' ಎಂದು ಬರೆಯತಕ್ಕ ವಿಂಡೋ ಸಹ ಮರಗಟ್ಟುವುದು. ಬೀಗದ ಕೈಯನ್ನು ಒಳಗಿಟ್ಟು ಬಾಗಿಲೆಳೆದುಕೊಂಡಂತೆ ಆಗುವುದು. ಆದಕಾರಣ ಆಕೆಯು ಝೆಫಿರ್ ಎಂಬ ಪ್ರೋಗ್ರಾಮಿನಿಂದ ಪರದೆಯೊಳಗೆ ಇನ್ನೊಂದು ಚಿಕ್ಕ ಪರದೆಯನ್ನು ತೆರೆದು, ಕೆಟ್ಟ ಮ್ಯಾನೇಜರನ್ನು ಅದರಲ್ಲಿ ನಡೆಯಿಸಿ, ತಾನು ಹೊರಗಿನ ಪರದೆಯಿಂದ ನೋಡಿದಳು.

ಎರಡನೆಯದಾಗಿ, ತಪ್ಪು ಕಂಡ ಸ್ಥಳವೇ ತಪ್ಪು ನಡೆದ ಸ್ಥಳವೆಂದು ನಂಬಬಾರದು. ಪ್ರೋಗ್ರಾಮುಗಳು ಸರ್ವರಿಗೆ ಸಲ್ಲಿಸುವ ಬೇಡಿಕೆಗಳಲ್ಲಿ ಹಲವನ್ನು ಎಕ್ಸ್‌ಲಿಬ್ ಎಂಬ ಭಾಗವು ಕೂಡಿಸಿಟ್ಟು ಒಟ್ಟಿಗೆ ಕಳುಹಿಸುತ್ತದೆ. ಆದುದರಿಂದ ದೂರು ಹಿಂದಿರುಗುವಷ್ಟರಲ್ಲಿ ಪ್ರೋಗ್ರಾಂ ಮುಂದೆ ಹೋಗಿರುವುದು. ಆಗ ಡೀಬಗ್ಗರು ಬೆರಳು ತೋರಿಸುವುದು ನಿರಪರಾಧಿಯಾದ ಸಾಲಿನ ಕಡೆಗೆ. ಎಕ್ಸ್‌ಸಿಂಕ್ರನೈಸ್ ಎಂಬ ಆಜ್ಞೆಯನ್ನು ಕೊಟ್ಟರೆ ಪ್ರತಿಯೊಂದು ಬೇಡಿಕೆಯೂ ಸರ್ವರಿನಲ್ಲಿ ತೀರುವ ತನಕ ಪ್ರೋಗ್ರಾಂ ಕಾದು ನಿಲ್ಲುವುದು. ಕೆಲಸ ನಿಧಾನವಾದರೂ ನಿಜವಾದ ಸ್ಥಳವು ಸಿಕ್ಕುವುದು.

ಮೂರನೆಯದಾಗಿ, ಒಂದೇ ತಪ್ಪನ್ನು ಬೇಕೆಂದಾಗ ಪುನಃ ಬರಿಸಲು ಶಕ್ತರಾಗಬೇಕು. ಸಣ್ಣದೊಂದು ವಿಂಡೋವನ್ನು ತೆರೆದು ತಕ್ಷಣವೇ ಮುಚ್ಚುವುದನ್ನು ಆಕೆಯು ನೂರಾರು ಸಾರಿ ಮಾಡಿಸಿದಳು. ಆಗ ಕಾರಣವು ಹೊರಬಿತ್ತು. ಹೊಸ ವಿಂಡೋ ಬಂದಿತೆಂಬ ಸುದ್ದಿ ತಿಳಿದು ಮ್ಯಾನೇಜರು ಅದರ ಹೆಸರನ್ನು ಕೇಳುವಷ್ಟರಲ್ಲಿ ಆ ವಿಂಡೋ ಮುಚ್ಚಿಹೋಗಿರುತ್ತಿತ್ತು. ಸರ್ವರು 'ಬ್ಯಾಡ್ ವಿಂಡೋ' ಎಂದು ಉತ್ತರಿಸುತ್ತಿತ್ತು. ಇಂಥ ದೂರು ಬಂದಾಗ ಮಾಡತಕ್ಕದ್ದನ್ನು ಪ್ರೋಗ್ರಾಂ ಬರೆದವರು ಬೇರೆಯಾಗಿ ತಿಳಿಸದಿದ್ದರೆ ಎಕ್ಸ್‌ಲಿಬ್ ಆ ಪ್ರೋಗ್ರಾಮನ್ನೇ ಮುಗಿಸಿಬಿಡುವುದು. ಅದನ್ನು ತಿಳಿಸಲು ತಾನು ಮರೆತಿದ್ದೆನೆಂದು ಆಕೆಯು ಸಂಕೋಚವಿಲ್ಲದೆ ಒಪ್ಪಿಕೊಂಡು, ಕೆಲವೇ ಸಾಲುಗಳಿಂದ ಅದನ್ನು ಸರಿಪಡಿಸಿದಳು.

ಇಲ್ಲಿ ಒಂದು ಎಚ್ಚರಿಕೆಯುಂಟು. ೨೦೦೮ರಲ್ಲಿ ಆರಂಭವಾದ ವೇಲ್ಯಾಂಡ್ ಎಂಬ ಹೊಸ ಏರ್ಪಾಡಿನಲ್ಲಿ ಸರ್ವರಿನ ಕೆಲಸವನ್ನೂ ಮ್ಯಾನೇಜರಿನ ಕೆಲಸವನ್ನೂ ಸಾಮಾನ್ಯವಾಗಿ ಒಂದೇ ಪ್ರೋಗ್ರಾಂ ನಡಿಸುತ್ತದೆ. ಅದು ಬಿದ್ದರೆ ಉಳಿದವುಗಳೂ ಬೀಳುವ ಸಂಭವ ಹೆಚ್ಚು. ಆದುದರಿಂದ ಬರೆದುದನ್ನು ಆಗಾಗ ಉಳಿಸಿಡುವುದೇ ಎಲ್ಲ ಯಂತ್ರಗಳಿಗೂ ಸಲ್ಲುವ ಜಾಣತನ.

ದೋಷವು ಕಂಡಲ್ಲಿಯೇ ಇರುತ್ತದೆಂದು ತಿಳಿದು, ಯಂತ್ರದ ಮುಂದೆ ಕುಳಿತಿದ್ದವಳನ್ನು ನಾವು ದೂರಿದೆವು. ಮರುದಿನ ತರಗತಿಯ ಎಲ್ಲರೆದುರಿಗೆ ಅವಳ ಕ್ಷಮೆಯನ್ನು ಬೇಡಿದೆವು. ಅವಳು ಆ ಮೂರು ಪುಟಗಳನ್ನು ಪುನಃ ಬರೆದಳು. ವಾಚಕರು ಅವುಗಳನ್ನು ಇದೇ ಸಂಚಿಕೆಯಲ್ಲಿ ಓದಬಹುದು.